ಹಾಲಮ್ಮನ ಮನೆಯ ನಾಲ್ಕು ಬಾಗಿಲು

ನಮ್ಮೂರಿನಲ್ಲಿ ಕೋಳಿ ಕದ್ದರೆ ಹಿತ್ತಿಲ ಬಾಗಿಲು ಹೋಗುತ್ತದೆ, ಒಂದು ತಿಂಗಳಿಗೆ. ಸೈಕಲ್ ಕದ್ದರೆ ಮುಂಬಾಗಿಲು, ಮೂರು ತಿಂಗಳಿಗೆ. ಕುಡಿದು ಹೊಡೆದಾಡಿದರೆ ಬಚ್ಚಲ ಬಾಗಿಲು, ಹದಿನೈದು ದಿನ. ಇದು ಚಿಕ್ಕ ಶಿಕ್ಷೆ ಎಂದು ಹೊರಗಿನವರಿಗೆ ಅನಿಸಬಹುದು. ಹೊಡೆದಾಟ ಅರ್ಧ ಕಡಿಮೆಯಾದದ್ದು ಇದರಿಂದಲೇ. ತೂಕದಲ್ಲಿ ಮೋಸ ಮಾಡಿದ ಅಂಗಡಿಯವನಿಗೆ ಎರಡು ಕಿಟಕಿ. ಸುಳ್ಳು ಸಾಕ್ಷಿ ಹೇಳಿದವನಿಗೆ ದೇವರ ಕೋಣೆಯ ಬಾಗಿಲು. ಅಮಲಿನ ಪುಡಿ ಮಾರಿದವನಿಗೆ ಮನೆಯ ಎಲ್ಲ ಬಾಗಿಲೂ, ಒಂದು ವರ್ಷ. ಪುಡಿ ತೆಗೆದುಕೊಂಡವನಿಗೆ ಮೊದಲು ಏನೂ ಇರಲಿಲ್ಲ, ಆಸ್ಪತ್ರೆಗೆ ಹೋಗು ಎಂದು ಬೈದು ಕಳಿಸುತ್ತಿದ್ದರು. ಆಮೇಲೆ ಸರ್ಕಾರ ಹೊಸ ನೀತಿ ತಂದು ಅವನಿಗೂ ಎಲ್ಲ ಬಾಗಿಲು, ನೂರಿಪ್ಪತ್ತು ದಿನ ಎಂದು ಗೊತ್ತುಮಾಡಿತು.

ಈ ಬಾಗಿಲುಗಳನ್ನು ಬಿಚ್ಚಿ ತರುವವನು ನಾನು. ಹೆಸರು ಮೌನಾಚಾರಿ, ಕಸುಬು ಮರಗೆಲಸ, ಇಪ್ಪತ್ತೆರಡು ವರ್ಷದಿಂದ ಬಾಗಿಲು ಇಲಾಖೆಯ ನೌಕರ. ಕೈಗಾಡಿ ತಳ್ಳುವುದಕ್ಕೆ ಖಾಜಾಸಾಬ್ ಇದ್ದಾನೆ, ನನಗಿಂತ ನಾಲ್ಕು ವರ್ಷ ಚಿಕ್ಕವನು. ತಂದ ಬಾಗಿಲುಗಳನ್ನು ಗೋದಾಮಿನಲ್ಲಿ ಬೀದಿವಾರು ನಿಲ್ಲಿಸುತ್ತೇವೆ. ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳುತ್ತೇವೆ, ಕೀಲುಗಳಿಗೆ ಎಣ್ಣೆ ಬಿಡುತ್ತೇವೆ. ಅವಧಿ ಮುಗಿದ ಮೇಲೆ ಒಯ್ದು ಜೋಡಿಸಿ ಕೊಡುತ್ತೇವೆ. ಬಾಗಿಲು ಹೋದ ಜಾಗಕ್ಕೆ ಪರದೆ, ಚಾಪೆ, ತಟ್ಟಿ, ಹಲಗೆ ಏನನ್ನೂ ಅಡ್ಡ ಇಡುವಂತಿಲ್ಲ. ವಾರಕ್ಕೊಮ್ಮೆ ಹೋಗಿ ಅದನ್ನು ಪರೀಕ್ಷೆ ಮಾಡುವುದೂ ನನ್ನ ಕೆಲಸ.

ಗೋದಾಮಿನಲ್ಲಿ ಬಾಗಿಲು ಹೆಚ್ಚಿದಷ್ಟೂ ಊರಿನಲ್ಲಿ ಅಪರಾಧ ಕಡಿಮೆಯಾಗಿದೆ ಎಂದು ಮೇಲಿನವರು ನಂಬಿದ್ದರು. ಹೊಸ ನೀತಿ ಬಂದ ಆರು ತಿಂಗಳಿಗೆ ಗೋದಾಮು ತುಂಬಿ, ಪಕ್ಕದ ಹಳೆಯ ಎಣ್ಣೆ ಗಾಣದ ಕಟ್ಟಡವನ್ನೂ ಬಾಡಿಗೆಗೆ ಹಿಡಿದರು. ಮೇಲಿನವರು ಬಂದು ನೋಡಿ ಸಂತೋಷಪಟ್ಟು ಹೋದರು.

ಬಾಗಿಲು ಇಲ್ಲದ ಮನೆಯೊಳಗೆ ನಮ್ಮೂರಿನವರು ನೋಡುವುದಿಲ್ಲ. ಸರ್ಕಾರ ಬಾಗಿಲು ತೆಗೆಸಿದ್ದು ನಾಲ್ಕು ಜನ ನೋಡಲಿ, ಆ ಮನೆಯವರಿಗೆ ನಾಚಿಕೆಯಾಗಲಿ ಎಂದು. ಮೊದಲ ದಿನಗಳಲ್ಲಿ ನೋಡುತ್ತಿದ್ದರಂತೆ. ಆದರೆ ಇವತ್ತು ಅವರ ಮನೆ, ನಾಳೆ ನಮ್ಮ ಮನೆ ಎನ್ನುವುದು ಎಲ್ಲರಿಗೂ ಬೇಗ ಅರ್ಥವಾಯಿತು. ಅಂಥ ಮನೆಯ ಮುಂದೆ ಹಾಯುವಾಗ ಮುಖ ಎದುರು ಬದಿಗೆ ತಿರುಗಿಸುವುದು ರೂಢಿಗೆ ಬಂತು. ಎರಡೂ ಬದಿಗೆ ಬಾಗಿಲಿಲ್ಲದ ಮನೆಗಳಿದ್ದರೆ ನೆಲ ನೋಡಿಕೊಂಡು ನಡೆಯುತ್ತಾರೆ. ಕೆಲಸವಿದ್ದು ಹೋದವರು ಹೊಸ್ತಿಲಿಗೆ ಬೆನ್ನು ಮಾಡಿ ನಿಂತು ಹೆಸರು ಹೇಳುತ್ತಾರೆ. ಒಳಗಿನವರು "ಬರ್ರಿ" ಎಂದ ಮೇಲೆಯೇ ತಿರುಗುತ್ತಾರೆ. ಸಣ್ಣ ಮಕ್ಕಳಿಗೆ ಮಾತು ಕಲಿಸುವ ಮೊದಲು ಇದನ್ನು ಕಲಿಸುತ್ತೇವೆ. ಇಣುಕಿದವನೆಂದು ಒಮ್ಮೆ ಹೆಸರು ಬಂದರೆ ಮುಗಿಯಿತು, ಅವನನ್ನು ಯಾರೂ ಒಳಗೆ ಕರೆಯುವುದಿಲ್ಲ, ಅವನ ಮನೆಯಿಂದ ಹೆಣ್ಣು ತರುವುದಿಲ್ಲ. ಪರೀಕ್ಷೆಗೆ ಹೋದಾಗ ನಾನು ಕೂಡ ಬೀದಿಯ ಕಡೆ ಮುಖ ಮಾಡಿ, ಹಿಂದಕ್ಕೆ ಕೈ ಚಾಚಿ ಚೌಕಟ್ಟು ಸವರಿ, ಏನೂ ಅಡ್ಡ ಇಲ್ಲವೆಂದು ಬರೆದುಕೊಳ್ಳುತ್ತಿದ್ದೆ.

ಹಾಲಮ್ಮ ಬಸ್ ನಿಲ್ದಾಣದ ಹತ್ತಿರ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವವಳು. ಗಂಡ ತೀರಿ ಹತ್ತು ವರ್ಷವಾಗಿತ್ತು. ಒಬ್ಬನೇ ಮಗ ಕೊಟ್ರೇಶ, ವಯಸ್ಸು ಇಪ್ಪತ್ತಾರು, ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳ್ಳೆಯ ಕೈ ಅವನದು. ಅವನು ಸುತ್ತಿದ ಮೋಟಾರು ಎರಡು ಬೇಸಿಗೆ ಸುಡದೆ ನಡೆಯುತ್ತದೆ ಎಂದು ರೈತರು ಹುಡುಕಿಕೊಂಡು ಬರುತ್ತಿದ್ದರು. ಪುಡಿಯ ಚಟ ಹತ್ತಿದ ಮೇಲೆ ಅಂಗಡಿಯ ತಾಮ್ರದ ತಂತಿ ಕಡಿಮೆಯಾಗತೊಡಗಿತು. ಮಾಲೀಕ ಎರಡು ಸಲ ಸುಮ್ಮನಿದ್ದು ಮೂರನೆಯ ಸಲ ಜೇಬು ನೋಡಿದ. ತಂತಿಯ ಬದಲು ಪೊಟ್ಟಣ ಸಿಕ್ಕಿತು.

ನಾವು ಆದೇಶ ಹಿಡಿದು ಹೋದ ದಿನ ಹಾಲಮ್ಮ ಅಂಗಳದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಪೊಲೀಸಿನವನು ಓದಿದ್ದನ್ನು ಕೊನೆಯವರೆಗೂ ಕೇಳಿದಳು.

"ಬಚ್ಚಲದ್ದೂನಾ?" ಅಂದಳು.

"ಎಲ್ಲಾದೂ ಅಂತ ಐತವ್ವಾ."

"ನಾನೇನು ಪುಡಿ ತಗೊಂಡಿಲ್ಲಲ್ಲಪ್ಪಾ. ಸ್ನಾನ ಮಾಡೋಳು ನಾನು."

ಪೊಲೀಸಿನವನು ಕಾಗದ ಮಡಚಿ ಜೇಬಿಗಿಟ್ಟು ನನ್ನ ಕಡೆ ನೋಡಿದ. ನಾನು ತಿರುಪುಳಿ ತೆಗೆದೆ. ಬಚ್ಚಲಿನ ತಗಡಿನ ಬಾಗಿಲು, ಹಿತ್ತಿಲದ್ದು, ಮುಂಬಾಗಿಲು, ಮೂರನ್ನೂ ಬಿಚ್ಚಿ ಗಾಡಿಗೆ ಹೇರಿದೆವು. ಉಳಿದದ್ದು ಒಳಗಿನ ಕೋಣೆಯದು. ಅದಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು. ಹಾಲಮ್ಮ ಅದರ ಮುಂದೆ ಬಂದು ನಿಂತಳು.

"ಆಚಾರ್ರೆ, ಇದೊಂದು ಬಿಡ್ರಿ. ಹನ್ನೆರಡು ದಿನ ಒಳಗಿಟ್ಟು ಗಂಜಿ ನೀರು ಕೊಡು, ಪುಡಿ ಒಂದು ಚೂರೂ ಸಿಗಬಾರದು, ಆಮೇಲೆ ಬಿಟ್ಟುಹೋಗ್ತದೆ ಅಂತ ಆಸ್ಪತ್ರೆ ನರ್ಸಮ್ಮ ಹೇಳ್ಯಾಳೆ. ಇವತ್ತಿಗೆ ನಾಕನೇ ದಿನ. ಅವನೇ ಹೇಳಿ ಚಿಲಕ ಹಾಕಿಸ್ಕೊಂಡಾನೆ. ಇನ್ನೆಂಟು ದಿನ ಬಿಟ್ಟು ತಗೊಂಡು ಹೋಗ್ರಿ, ಬೇಕಾದ್ರೆ ಚೌಕಟ್ಟೂ ಕಿತ್ಕೊಂಡು ಹೋಗ್ರಿ."

"ಆದೇಶದಾಗೆ ನಾಲ್ಕು ಅಂತ ಬರೆದಾರೆ ಹಾಲಮ್ಮಾ."

"ಮೂರು ಅಂತ ಬರ್ಕೊಳ್ರಿ."

"ಎಣಿಸ್ತಾರೆ."

ಕಡಿಮೆ ಬಾಗಿಲು ತಂದ ನೌಕರನ ಮನೆಯಿಂದ ಕಡಿಮೆಯಾದಷ್ಟು ಬಾಗಿಲು ತರಬೇಕು ಎಂದು ನಿಯಮವಿದೆ. ನನ್ನ ಮನೆಯಲ್ಲಿ ಹೆಂಡತಿ ಇದ್ದಾಳೆ, ಸೊಸೆ ಇದ್ದಾಳೆ. ನಾನು ಚಿಲಕ ತೆಗೆದೆ. ಕೊಟ್ರೇಶ ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಬಾಗಿಲು ಕೀಲಿನಿಂದ ಎದ್ದಾಗ ಬೆಳಕಿಗೆ ಕಣ್ಣು ಮುಚ್ಚಿಕೊಂಡ. ಹಾಲಮ್ಮ ಮತ್ತೆ ಅಂಗಳಕ್ಕೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು.

ವಾರದ ಪರೀಕ್ಷೆಗೆ ನಾನು ಹೋದದ್ದು ಒಂದು ಮಧ್ಯಾಹ್ನ, ಹಾಲಮ್ಮ ಸಂತೆಗೆ ಹೋಗಿದ್ದ ಹೊತ್ತು. ಬೀದಿಗೆ ಮುಖ ಮಾಡಿ ಹಿಂದಕ್ಕೆ ಕೈ ಚಾಚಿದ್ದೆ. ಚೌಕಟ್ಟಿನ ಕೆಳಗಿನ ಮೂಲೆ ಕೈಗೆ ಸಡಿಲವಾಗಿ ಹತ್ತಿತು. ಇದು ಕಸುಬಿನವನ ಚಾಳಿ: ಮರ ಅಲ್ಲಾಡಿತೆಂದರೆ ತಲೆ ತಾನಾಗಿ ತಿರುಗುತ್ತದೆ. ತಿರುಗಿದೆ. ಒಳಗೆ ಕೊಟ್ರೇಶ, ಅವನ ಎದುರಿಗೆ ಇಸ್ತ್ರಿ ಮಾಡಿದ ಅಂಗಿಯ ಪುಟ್ಟಸ್ವಾಮಿ, ಪುಡಿ ಮಾರುವವನೆಂದು ಊರಿನಲ್ಲಿ ಗುಸುಗುಸು ಇದ್ದವನು. ಪುಟ್ಟಸ್ವಾಮಿ ಕಾಗದದ ಪೊಟ್ಟಣ ಬಿಡಿಸುತ್ತಿದ್ದ, ತರಕಾರಿ ಮಾರುವವನಷ್ಟೇ ನಿರಾತಂಕವಾಗಿ. ಬೀದಿಯಲ್ಲಿ ಆಗ ಹತ್ತು ಹನ್ನೆರಡು ಜನ ಓಡಾಡುತ್ತಿದ್ದರು. ಎಲ್ಲರ ಮುಖವೂ ಎದುರು ಬದಿಯ ಗೋಡೆಯ ಕಡೆಗಿತ್ತು.

ಪುಟ್ಟಸ್ವಾಮಿಯ ಮನೆಗೆ ಎಲ್ಲ ಬಾಗಿಲುಗಳೂ ಇದ್ದವು, ತೇಗದವು. ಅಲ್ಲಿ ಮಾರಿದರೆ ಯಾರಾದರೂ ಬಂದು ತಟ್ಟಬಹುದು, ಪೊಲೀಸರು ಒಡೆಯಬಹುದು. ಬಾಗಿಲಿಲ್ಲದ ಮನೆಯೊಳಗೆ ಕಣ್ಣು ಹಾಯಿಸುವವರೇ ಇಲ್ಲ. ರಾತ್ರಿ ಬೀಟಿನ ಪೊಲೀಸರು ಓಡಾಡುವುದರಿಂದ ಅವನು ಹಗಲಿನಲ್ಲೇ ತಿರುಗುತ್ತಿದ್ದ. ಸರ್ಕಾರ ಊರಿನಲ್ಲಿ ಮುನ್ನೂರು ಮನೆಗಳನ್ನು ಅವನಿಗಾಗಿ ತೆರೆದುಕೊಟ್ಟ ಹಾಗೆ ಆಗಿತ್ತು.

ನಾನು ನಮ್ಮ ಇಲಾಖೆಯ ಅಮಲ್ದಾರರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ದಣಿದವರು, ಮೇಜಿನ ಮೇಲೆ ಮಾತ್ರೆಯ ಡಬ್ಬಿ ಇಟ್ಟುಕೊಂಡಿರುತ್ತಿದ್ದರು. ಪೂರ್ತಿ ಕೇಳಿ ಪೆನ್ನು ತೆಗೆದರು.

"ಯಾರು ನೋಡಿದ್ದು ಅಂತ ಬರೀಲಿ?"

"ನಾನೇ ಸಾಹೇಬ್ರೆ."

"ಬಾಗಿಲಿಲ್ಲದ ಮನೆಯೊಳಗೆ ನೋಡಿದ್ರಿ."

ಅವರು ಪೆನ್ನನ್ನು ಕಾಗದದ ಮೇಲೆ ಹಿಡಿದೇ ಇದ್ದರು.

"ಬರೀಬಹುದು, ನನಗೇನು. ಆದ್ರೆ ಪುಟ್ಟಸ್ವಾಮಿ ಕಡೆ ವಕೀಲ ನಿಮ್ಮನ್ನ ನಿಲ್ಲಿಸಿ ಕೇಳ್ತಾನೆ, ಇನ್ನೂ ಯಾರ್ಯಾರ ಮನೆ ಒಳಗೆ ಏನೇನು ನೋಡಿದೀರಿ ಅಂತ. ಇಪ್ಪತ್ತೆರಡು ವರ್ಷದ ನೌಕರಿ ನಿಮ್ಮದು. ಊರಲ್ಲಿ ಅರ್ಧ ಮನೆಗಳ ಬಾಗಿಲು ನೀವೇ ಬಿಚ್ಚಿದೀರಿ. ಜನ ಏನು ಅಂದ್ಕೋತಾರೆ, ಹೇಳಿ. ಬರೀಲಾ?"

"ಬೇಡ ಬಿಡ್ರಿ," ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನೀತಿ ಮಾಡಿದೋರು ನಮ್ಮೂರಿನಲ್ಲಿ ಒಂದು ದಿನ ಓಡಾಡಿದ್ರೆ ಸಾಕಿತ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮಾತ್ರೆ ನುಂಗಿದರು.

ಎರಡು ದಿನ ಬಿಟ್ಟು ಹಾಲಮ್ಮ ಗೋದಾಮಿಗೆ ಬಂದಳು. ಸಾಲು ಸಾಲು ಬಾಗಿಲುಗಳ ನಡುವೆ ತನ್ನದು ಎಲ್ಲಿದೆಯೆಂದು ಹುಡುಕಲಿಲ್ಲ, ನೇರ ನನ್ನ ಹತ್ತಿರ ಬಂದಳು. ಎಡಗೆನ್ನೆ ಊದಿತ್ತು.

"ಅವನೇ ಹೊಡೆದ," ಅಂದಳು. "ಪೊಟ್ಟಣ ಕಸಿದುಕೊಂಡೆ, ಅದಕ್ಕೆ. ಆಮೇಲೆ ಕಾಲು ಹಿಡ್ಕೊಂಡು ಅತ್ತ. ಮತ್ತೆ ಬಿಡ್ತೀನಿ ಅಂತಾನೆ ಆಚಾರ್ರೆ. ಮನಸ್ಸು ಐತೆ. ಆದ್ರೆ ಅದು ಮನೆಗೇ ಬರ್ತದಲ್ಲ. ನಾನು ಒಲೆ ಮುಂದೆ ಇದ್ರೆ ಹಿತ್ತಿಲಿಂದ ಬರ್ತಾನೆ ಆ ಪುಟ್ಟಸ್ವಾಮಿ, ಹಿತ್ತಿಲಿಗೆ ಹೋದ್ರೆ ಮುಂದಿಂದ. ಕೂಗಿದ್ರೆ ಬೀದಿಯೋರು ಎಲ್ಲಾ ಆ ಕಡೆ ಮುಖ ಮಾಡಿ ನಿಲ್ತಾರೆ, ಪಾಪ, ನನ್ನ ಮರ್ಯಾದೆ ಉಳಿಸೋಕೆ."

"ಬಾಗಿಲು ಕೊಡೋಕೆ ಬರಲ್ಲ ಹಾಲಮ್ಮಾ."

"ಬಾಗಿಲು ಕೇಳೋಕೆ ಬಂದಿಲ್ಲ. ನೀವು ಬಂದು ನೋಡ್ರಿ."

"ಏನು?"

"ಕೂತ್ಕೊಂಡು ನೋಡ್ರಿ. ನಮ್ಮನೆ ಒಳಗೆ. ಹನ್ನೆರಡು ದಿನ. ಕಣ್ಣಿದ್ದೋರು ಒಬ್ರು ಕೂತ್ರೆ ಅವನು ಬರಲ್ಲ. ನಾನು ಬೇರೆ ಯಾರನ್ನ ಕೇಳಲಿ? ಆವತ್ತು ನೀವು ತಿರುಗಿ ನೋಡಿದ್ರಿ ಅಂತ ಕೊಟ್ರ ಹೇಳಿದ. ಒಮ್ಮೆ ನೋಡಿದೋರಿಗೆ ಇನ್ನೊಮ್ಮೆ ನೋಡೋದು ಏನು ಕಷ್ಟ?"

ಮೂಲೆಯಲ್ಲಿ ಕೀಲಿಗೆ ಎಣ್ಣೆ ಬಿಡುತ್ತಿದ್ದ ಖಾಜಾ ತಲೆಯೆತ್ತದೆ ಹೇಳಿದ: "ನಿಯಮದಾಗೆ ಪರದೆ, ಚಾಪೆ, ತಟ್ಟಿ, ಹಲಗೆ ಅಂತ ಐತೆ. ಮನುಷ್ಯ ಅಂತ ಇಲ್ಲ."

ನಾನು ಒಂದು ರಾತ್ರಿ ಯೋಚಿಸಿದೆ. ಇದರಲ್ಲಿ ಧರ್ಮಕರ್ಮದ ವಿಚಾರ ನಾನು ಹೆಚ್ಚು ಮಾಡಲಿಲ್ಲ. ನಾಲ್ಕನೆಯ ದಿನ ಚಿಲಕ ತೆಗೆದ ಕೈ ನನ್ನದು. ಅರ್ಧ ಜೋಡಿಸಿದ ಕೆಲಸವನ್ನು ಕೆಡವಿ ಬಂದ ಹಾಗೆ ಅನಿಸುತ್ತಿತ್ತು, ಅಷ್ಟೇ. ಹೆಂಡತಿ ಕಾಳಮ್ಮನಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋಗ್ರಿ. ಬುತ್ತಿ ಕಳಿಸ್ತೀನಿ. ಆದ್ರೆ ಅಲ್ಲಿ ನೋಡಿದ್ದು ಒಂದೂ ಇಲ್ಲಿ ಬಂದು ನನಗೆ ಹೇಳಬೇಡ್ರಿ."

ಹನ್ನೆರಡು ದಿನದ ರಜೆ ಬರೆದುಕೊಟ್ಟು, ಅರ್ಧವಾಗಿದ್ದ ನಾಲ್ಕು ಮಣೆ, ಉಳಿ, ಉಜ್ಜುಗೊರಡು ತೆಗೆದುಕೊಂಡು ಹೋಗಿ ಹಾಲಮ್ಮನ ಮುಂಬಾಗಿಲ ಹೊಸ್ತಿಲ ಹೊರಗೆ ಕೂತೆ, ದಿನವೂ ರಾತ್ರಿ ಬೀಟಿನವರು ಬರುವವರೆಗೆ. ಬೀದಿಗೆ ಬೆನ್ನು, ಮನೆಯ ಕಡೆ ಮುಖ. ಅಲ್ಲಿಂದ ಒಳಗಿನ ಕೋಣೆ, ಒಲೆ, ಹಿತ್ತಿಲ ಚೌಕಟ್ಟು, ಅದರಾಚೆಯ ಬೇಲಿ ಎಲ್ಲವೂ ಒಂದೇ ಗೆರೆಯಲ್ಲಿ ಕಾಣುತ್ತಿದ್ದವು. ನಮ್ಮೂರಿನಲ್ಲಿ ಹಾಗೆ ಕೂತ ಮೊದಲನೆಯವನು ನಾನೇ ಇರಬೇಕು. ಬೆನ್ನ ಹಿಂದೆ ಓಡಾಟದ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

"ಆಚಾರ್ರು ದಿಕ್ಕು ತಪ್ಪಿ ಕೂತಾರೆ," ಎಂದು ಒಬ್ಬ ಹೇಳಿದ.

"ತಪ್ಪಿಲ್ಲ ಕಣೋ. ವಯಸ್ಸಾಗ್ತಾ ಆಗ್ತಾ ಕೆಲವರಿಗೆ ಪುಕ್ಕಟೆ ನಾಟಕದ ಆಸೆ ಜಾಸ್ತಿ," ಎಂದ ಇನ್ನೊಬ್ಬ. ಧ್ವನಿ ಗುರುತು ಸಿಕ್ಕಿತು. ಅವನ ಮನೆಯ ಅಟ್ಟದ ಏಣಿ ನಾನೇ ಮಾಡಿಕೊಟ್ಟದ್ದು.

ಪುಟ್ಟಸ್ವಾಮಿ ಎರಡನೆಯ ದಿನ ಹಿತ್ತಿಲಿನ ಕಡೆಯಿಂದ ಬಂದ. ಚೌಕಟ್ಟಿನೊಳಗೆ ಒಂದು ಕಾಲಿಟ್ಟವನು, ಮನೆಯುದ್ದಕ್ಕೂ ಆಚೆ ನನ್ನ ಮುಖ ಕಂಡು ನಿಂತ. ಕಾಲು ಹಿಂದೆ ತೆಗೆದು ಸುತ್ತುಹಾಕಿ ಬೀದಿಗೆ ಬಂದು ನನ್ನ ಪಕ್ಕ ನಿಂತ, ಮನೆಗೆ ಬೆನ್ನು ಮಾಡಿ, ಮರ್ಯಾದಸ್ಥನ ಹಾಗೆ.

"ಏನು ಆಚಾರ್ರೆ, ಹೆಣ್ಣುಮಗಳಿರೋ ಮನೆ. ನಾಚಿಕೆ ಆಗಲ್ವಾ?"

"ಆಗ್ತದೆ."

"ಮತ್ತೆ?"

"ಕೂತೀನಿ."

"ಎಷ್ಟು ದಿನ ಕೂರ್ತೀರಿ?"

"ಈ ಮಣೆ ಮುಗೀಬೇಕು," ಎಂದೆ.

ಅವನು ಇನ್ನೂ ಎರಡು ದಿನ ಬೀದಿಯ ಕೊನೆಯಲ್ಲಿ ಕಾದ. ಆಮೇಲೆ ಬೇರೆ ಮನೆಗೆ ಹೋದ. ಬೇರೆ ಮನೆಗಳು ಬೇಕಾದಷ್ಟು ಇದ್ದವು.

ನಾನು ಕಂಡದ್ದರಲ್ಲಿ ಹೆಚ್ಚಿನದನ್ನು ಬರೆಯುವುದಿಲ್ಲ. ಮೊದಲ ನಾಲ್ಕು ದಿನ ಕೊಟ್ರೇಶ ಗಂಜಿ ಕುಡಿದದ್ದಕ್ಕಿಂತ ಕಕ್ಕಿದ್ದು ಹೆಚ್ಚು. ತಾಯಿಗೆ ಅನ್ನಬಾರದ ಮಾತು ಅಂದ. ನನಗೂ ಅಂದ: "ನೋಡು, ಚೆನ್ನಾಗಿ ನೋಡು, ನಿನ್ನ ಹೆಂಡ್ತೀನೂ ಕರ್ಕೊಂಡು ಬಾ." ನಾನು ಉಳಿ ಮಸೆಯುತ್ತ ಕೂತಿದ್ದೆ. ಐದನೆಯ ದಿನ ಎದ್ದು ಬಂದು ಹೊಸ್ತಿಲ ಮೇಲೆ ನಿಂತ. ದಾಟಿದರೆ ತಡೆಯುವ ಶಕ್ತಿ ನನಗೆ ಇರಲಿಲ್ಲ, ಅವನು ನನ್ನ ಅರ್ಧ ವಯಸ್ಸಿನವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. "ಹೋದ್ರೆ ಏನು ಮಾಡ್ತೀರಿ?" ಎಂದ. "ನೀನು ಹೋದದ್ದನ್ನ ನೋಡ್ತೀನಿ," ಎಂದೆ. ಅವನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಏಳನೆಯ ದಿನ ಅವನಿಗೆ ಮೈಯೆಲ್ಲ ಸೆಟೆಯಿತು. ಆಸ್ಪತ್ರೆಯ ನರ್ಸಮ್ಮ ಬಂದು, ಬೆನ್ನು ಮಾಡಿ ಹೆಸರು ಹೇಳಿ, ಒಳಗೆ ಹೋಗಿ ಸೂಜಿ ಚುಚ್ಚಿ, ಇದನ್ನು ದಾಟಿದರೆ ದಾಟಿದ ಹಾಗೆ ಎಂದು ಹೇಳಿ ಹೋದಳು. ಅವನು ನರಳುತ್ತಲೇ ಇದ್ದ. ಅದು ಕಿರುಚಾಟವಲ್ಲ, ಕರುವಿನ ಹಾಗೆ ಒಂದೇ ಸಮನೆ "ಅವ್ವಾ, ಅವ್ವಾ" ಎನ್ನುವುದು. ಮಧ್ಯಾಹ್ನ ಕಳೆದು ಮೂರು ಗಂಟೆಯವರೆಗೂ ಅದೇ. ಹಾಲಮ್ಮ ಅವನ ಕಾಲು ಒತ್ತುತ್ತಿದ್ದವಳು ತಟ್ಟನೆ ಎದ್ದಳು. ಒಲೆಯ ಪಕ್ಕದ ಗೂಡಿನಿಂದ ಜೀರಿಗೆ ಡಬ್ಬಿ ತೆಗೆದು, ಅದರ ತಳಕ್ಕೆ ಕೈ ಹಾಕಿ ಒಂದು ಪೊಟ್ಟಣ ತೆಗೆದಳು. ಹಿಂದೆ ಅವನಿಂದ ಕಸಿದುಕೊಂಡದ್ದು. ಎಸೆಯದೆ ಇಟ್ಟುಕೊಂಡಿದ್ದಳು. ಅದನ್ನು ಬಿಡಿಸುತ್ತ ಮಗನ ಕಡೆ ಎರಡು ಹೆಜ್ಜೆ ಇಟ್ಟಳು.

ಆಗ ತಲೆಯೆತ್ತಿ ನನ್ನನ್ನು ನೋಡಿದಳು.

ಉಜ್ಜುಗೊರಡು ನನ್ನ ಕೈಯಲ್ಲಿ ನಿಂತಿತು. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಆ ಹೊತ್ತಿಗೆ ಮುಖ ತಿರುಗಿಸುತ್ತಿದ್ದರು. ನನ್ನ ಕುತ್ತಿಗೆ ತಾನಾಗಿ ತಿರುಗಲು ಹೊರಟಿತ್ತು. ತಿರುಗಿಸಲಿಲ್ಲ. ನೋಡುತ್ತ ಕೂತೆ. ಅವಳೂ ನೋಡುತ್ತ ನಿಂತಳು. ಮಗ ಕರೆಯುತ್ತಲೇ ಇದ್ದ. ಅಷ್ಟು ಹೊತ್ತು ನಾನು ಯಾರ ಕಣ್ಣನ್ನೂ ನೋಡಿದ್ದಿಲ್ಲ, ಹೆಂಡತಿಯದನ್ನೂ. ಕೊನೆಗೆ ಹಾಲಮ್ಮ ಒಲೆಯ ಹತ್ತಿರ ಹೋಗಿ ಪೊಟ್ಟಣವನ್ನು ಬೆಂಕಿಗೆ ಹಾಕಿದಳು. ಆಮೇಲೆ ಜೀರಿಗೆ ಡಬ್ಬಿಯ ಮುಚ್ಚಳ ಹುಡುಕಿದಳು. ಅದು ಅವಳ ಕಾಲ ಹತ್ತಿರವೇ ಬಿದ್ದಿತ್ತು. ಅವಳಿಗೆ ಸಿಗಲು ಬಹಳ ಹೊತ್ತು ಹಿಡಿಯಿತು.

ಸಂಜೆ ಎಂದಿನ ಹಾಗೆ ಮಂಡಕ್ಕಿ ಬುಟ್ಟಿ ಹೊತ್ತು ಬಸ್ ನಿಲ್ದಾಣಕ್ಕೆ ಹೋದಳು. ನನ್ನ ಪಕ್ಕ ಹೊಸ್ತಿಲು ದಾಟುವಾಗ ಸೆರಗು ಮುಖದ ಮೇಲೆ ಎಳೆದುಕೊಂಡಳು.

ಒಂಬತ್ತನೆಯ ದಿನ ಕೊಟ್ರೇಶ ಎರಡು ರೊಟ್ಟಿ ತಿಂದ. ಹನ್ನೊಂದನೆಯ ದಿನ ಹೊಸ್ತಿಲ ಒಳಗೆ ನನ್ನ ಎದುರಿಗೆ ಬಂದು ಕೂತು, ಮಣೆಯ ಕಾಲು ಕುಳ್ಳಾಯಿತು ಎಂದು ತಪ್ಪು ಹಿಡಿದ. ಹನ್ನೆರಡನೆಯ ದಿನ ಸಂಜೆ ನಾನು ಹತಾರ ಕಟ್ಟಿಕೊಂಡು ಮನೆಗೆ ಹೋದೆ.

ನೂರಿಪ್ಪತ್ತು ದಿನ ತುಂಬಿದ ಮೇಲೆ ನಾನೂ ಖಾಜಾನೂ ನಾಲ್ಕು ಬಾಗಿಲುಗಳನ್ನೂ ಒಯ್ದು ಜೋಡಿಸಿದೆವು. ಮುಂಬಾಗಿಲು ಮಳೆಗೆ ಉಬ್ಬಿತ್ತು, ಒಂದು ಬದಿ ಕೆತ್ತಬೇಕಾಯಿತು. ಕೊಟ್ರೇಶ ಕೆಲಸಕ್ಕೆ ಹೋಗಿದ್ದ. ವೈಂಡಿಂಗ್ ಅಂಗಡಿಯವನು ಅವನನ್ನು ಮತ್ತೆ ಕರೆದುಕೊಂಡಿದ್ದ, ತಂತಿಯ ಕಪಾಟಿಗೆ ಬೀಗ ಹಾಕಿಕೊಂಡು. ಹಾಲಮ್ಮ ಖಾಜಾನಿಗೆ ನೀರು ಕೊಟ್ಟಳು. ನನಗೂ ಕೊಟ್ಟಳು, ಚೊಂಬನ್ನು ಕಟ್ಟೆಯ ಮೇಲಿಟ್ಟು. ಬಾಗಿಲು ಸರಿಯಾಗಿ ಕೂರುತ್ತದೆಯೇ ಒಮ್ಮೆ ಹಾಕಿ ನೋಡು ಎಂದೆ. ಅವಳು ಒಳಗೆ ಹೋಗಿ ಹಾಕಿದಳು, ಚಿಲಕ ಬಿದ್ದ ಸದ್ದು ಕೇಳಿತು. ಸರಿಯಾಗಿಯೇ ಕೂತಿತ್ತು. ಅವಳು ಮತ್ತೆ ತೆರೆಯಲೆಂದು ನಾವು ಸ್ವಲ್ಪ ಹೊತ್ತು ಕಾದೆವು.

"ನಡೀ ಮೌನಣ್ಣ, ಇನ್ನೂ ಎರಡು ಮನೆ ಐತೆ," ಎಂದ ಖಾಜಾ.

ಇದಾಗಿ ಮೂರು ವರ್ಷವಾಯಿತು. ನೀತಿ ಬದಲಾಗಿಲ್ಲ. ಗೋದಾಮಿಗೆ ಮೂರನೆಯ ಕಟ್ಟಡ ನೋಡುತ್ತಿದ್ದಾರೆ. ಪುಟ್ಟಸ್ವಾಮಿಯ ತೇಗದ ಬಾಗಿಲುಗಳು ಅವನ ಮನೆಯಲ್ಲೇ ಇವೆ. ಊರಿನಲ್ಲಿ ನಾಲ್ಕೈದು ಮನೆಗಳ ಮುಂದೆ ಆಗಾಗ ಯಾರಾದರೊಬ್ಬರು ಬೀದಿಗೆ ಬೆನ್ನು ಮಾಡಿ ಕೂತಿರುವುದು ಕಾಣುತ್ತದೆ, ಹೆಚ್ಚಾಗಿ ದೂರದ ಓಣಿಯಿಂದ ಬಂದ ಮುದುಕರು. ಆಮೇಲೆ ದಿನವೂ ಎದುರಾಗುವ ಗುರುತಿನವರನ್ನು ಕೂರಿಸಿಕೊಳ್ಳುವುದಿಲ್ಲ. ಅದು ಸರಿಯಾದ ಪದ್ಧತಿಯೇ. ನಮಗೆ ಆಗ ಹೊಳೆಯಲಿಲ್ಲ.

ಮದುವೆ ಮನೆಯ ಮಂಚ, ತೊಟ್ಟಿಲು ನನಗೆ ಹೇಳುತ್ತಿದ್ದವರು ಈಗ ಬೇರೆ ಬಡಗಿಗೆ ಹೇಳುತ್ತಾರೆ. ಅಳತೆಗೆಂದು ಒಳಗೆ ಬರುವವನ ಕಣ್ಣು ನಂಬಿಕೆಯದಾಗಿರಬೇಕಲ್ಲ. ನಮ್ಮ ಸೊಸೆ ತವರಿನಲ್ಲಿ ಎರಡು ವರ್ಷ ಈ ವಿಷಯಕ್ಕೆ ಮಾತು ಕೇಳಿದಳು. ಹಾಲಮ್ಮ ಬಸ್ ನಿಲ್ದಾಣದಲ್ಲಿ ನನ್ನನ್ನು ದೂರದಿಂದ ಕಂಡರೆ ಬಾಣಲೆಯ ಕಡೆ ಬಗ್ಗುತ್ತಾಳೆ. ನಾನೂ ಆ ಬದಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅವಳ ಕೈಯ ಮೆಣಸಿನಕಾಯಿ ತಿಂದು ಮೂರು ವರ್ಷವಾಯಿತು. ಕೊಟ್ರೇಶ ಒಮ್ಮೆ ಮತ್ತೆ ಪುಡಿಗೆ ಜಾರಿ, ಹತ್ತು ದಿನಕ್ಕೆ ತಾನೇ ಎದ್ದ. ಈಗ ಬದುಕಿದ್ದಾನೆ, ಕೆಲಸ ಮಾಡುತ್ತಾನೆ, ಬೀದಿಯಲ್ಲಿ ಸಿಕ್ಕರೆ ನನ್ನ ಮುಖ ನೋಡಿ ಮಾತಾಡುತ್ತಾನೆ.